ಊಖೀಮಠ: ಕೇದಾರನಾಥನ ಚಳಿಗಾಲದ ಊರಿನ ನೆಲ ಮತ್ತು ಬದುಕು

ಮಂದಾಕಿನಿ ತೀರ:

ಕೇದಾರನಾಥಕ್ಕೆ ಹೋಗಿ ಬಂದ ಕನ್ನಡಿಗರ ಸಂಖ್ಯೆ ದೊಡ್ಡದು. ಆದರೆ ಅವರಲ್ಲಿ ಊಖೀಮಠದಲ್ಲಿ ಒಂದು ರಾತ್ರಿಯಾದರೂ ತಂಗಿದವರು ಬಹಳ ಕಡಿಮೆ. ಉದ್ಯೋಗದ ನಿಮಿತ್ತ ಡೆಹ್ರಾಡೂನಿನಲ್ಲಿ ನೆಲೆಸಿರುವ ನಾನು ಈ ಊರಿಗೆ ಬೇರೆ ಬೇರೆ ಋತುಗಳಲ್ಲಿ ಹೋಗಿದ್ದೇನೆ. ಇದನ್ನು ಯಾತ್ರೆಯ ದಾರಿಯ ಒಂದು ನಿಲುಗಡೆ ಎಂದಷ್ಟೇ ನೋಡಿದರೆ ಕೇದಾರ ಕಣಿವೆಯ ಅರ್ಧ ಬದುಕು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ಊರು ಎಲ್ಲಿದೆ ಎಂಬುದನ್ನು ಹೇಳುತ್ತೇನೆ. ಋಷಿಕೇಶದಿಂದ ದೇವಪ್ರಯಾಗ, ಉತ್ತರಾಖಂಡದ ಗಢವಾಲ ಪ್ರದೇಶದ ಶ್ರೀನಗರಗಳನ್ನು ದಾಟಿ ರುದ್ರಪ್ರಯಾಗಕ್ಕೆ ಬಂದರೆ ಅಲ್ಲಿ ಅಲಕನಂದೆಗೆ ಮಂದಾಕಿನಿ ಸೇರುತ್ತದೆ. ಬದರಿಯ ರಸ್ತೆಯನ್ನು ಬಿಟ್ಟು ಮಂದಾಕಿನಿಯ ಗುಂಟ ಮೇಲಕ್ಕೆ ಸಾಗಿದರೆ ಅಗಸ್ತ್ಯಮುನಿ, ಆಮೇಲೆ ಕುಂಡ್. ಕುಂಡ್‌ನಲ್ಲಿ ರಸ್ತೆ ಕವಲೊಡೆಯುತ್ತದೆ. ಒಂದು ಕವಲು ಗುಪ್ತಕಾಶಿಯ ಮೂಲಕ ಗೌರೀಕುಂಡದ ಕಡೆಗೆ ಹೋಗುತ್ತದೆ, ಇನ್ನೊಂದು ಎದುರಿನ ಗುಡ್ಡವನ್ನೇರಿ ಊಖೀಮಠವನ್ನು ಮುಟ್ಟಿ ಮುಂದೆ ಚೋಪತಾ, ಗೋಪೇಶ್ವರಗಳತ್ತ ಸಾಗುತ್ತದೆ. ಹೀಗಾಗಿ ಗುಪ್ತಕಾಶಿ ಮತ್ತು ಊಖೀಮಠ ಒಂದೇ ಕಣಿವೆಯ ಎರಡು ದಡಗಳಲ್ಲಿ, ಸುಮಾರು 1,300 ಮೀಟರ್ ಎತ್ತರದಲ್ಲಿ, ಎದುರುಬದುರಾಗಿ ಕುಳಿತಿವೆ. ರಾತ್ರಿ ಒಂದೂರಿನ ದೀಪಗಳು ಇನ್ನೊಂದೂರಿಗೆ ಮನೆ ಮನೆ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತವೆ. ಆದರೆ ನದಿಯವರೆಗೆ ಇಳಿದು ಮತ್ತೆ ಹತ್ತಬೇಕಾದ್ದರಿಂದ ರಸ್ತೆಯ ದೂರ ಹದಿಮೂರು ಕಿಲೋಮೀಟರಿನಷ್ಟಾಗುತ್ತದೆ. ಯಾತ್ರಿಕರ ವಾಹನಗಳೆಲ್ಲ ಗುಪ್ತಕಾಶಿಯ ದಡದಲ್ಲೇ ಸಾಗುವುದರಿಂದ ಹೋಟೆಲುಗಳು, ಹೆಲಿಕಾಪ್ಟರುಗಳು, ಗದ್ದಲ ಎಲ್ಲವೂ ಆ ಕಡೆಗೇ ಸೇರಿಕೊಂಡಿವೆ. ಈ ದಡಕ್ಕೆ ತಾಲ್ಲೂಕು ಕಚೇರಿ, ಒಂದು ಸಣ್ಣ ಪೇಟೆ ಮತ್ತು ಓಂಕಾರೇಶ್ವರ ದೇವಸ್ಥಾನ ದಕ್ಕಿವೆ.

ಚಳಿಗಾಲದ ಆರು ತಿಂಗಳು ಕೇದಾರನಾಥನಿಗೆ ಪೂಜೆ ಸಲ್ಲುವುದು ಈ ಓಂಕಾರೇಶ್ವರದಲ್ಲಿಯೇ. 3,583 ಮೀಟರ್ ಎತ್ತರದ ಕೇದಾರದ ಬಾಗಿಲು ದೀಪಾವಳಿಯ ನಂತರ ಬರುವ ಭಾಯಿ ದೂಜ್ ದಿನ ಮುಚ್ಚುತ್ತದೆ. ಆಗ ಐದು ಮುಖಗಳ ಉತ್ಸವಮೂರ್ತಿಯನ್ನು ಡೋಲಿಯಲ್ಲಿಟ್ಟು, ರಾಮಪುರ ಮತ್ತು ಗುಪ್ತಕಾಶಿಗಳಲ್ಲಿ ತಂಗಿ, ಕಾಲ್ನಡಿಗೆಯಲ್ಲಿ ಊಖೀಮಠಕ್ಕೆ ತರುತ್ತಾರೆ. ಮರಳಿ ಬಾಗಿಲು ತೆರೆಯುವ ದಿನವನ್ನು ಶಿವರಾತ್ರಿಯಂದು ಇದೇ ದೇವಸ್ಥಾನದಲ್ಲಿ ಪಂಚಾಂಗ ನೋಡಿ ಘೋಷಿಸಲಾಗುತ್ತದೆ. 2025ರಲ್ಲಿ ಡೋಲಿ ಏಪ್ರಿಲ್ 28ರಂದು ಹೊರಟು ಗುಪ್ತಕಾಶಿ, ಫಾಟಾ, ಗೌರೀಕುಂಡಗಳಲ್ಲಿ ಒಂದೊಂದು ರಾತ್ರಿ ತಂಗಿ ಮೇ 1ರಂದು ಕೇದಾರವನ್ನು ತಲುಪಿತು. ಮರುದಿನ ಬೆಳಿಗ್ಗೆ ಬಾಗಿಲು ತೆರೆಯಿತು. ಹೊರಡುವ ಹಿಂದಿನ ಸಂಜೆ ಭೈರವನಾಥನಿಗೆ ಪೂಜೆಯಾಗಬೇಕು, ಅದಾಗದೆ ಡೋಲಿ ಅಂಗಳ ಬಿಟ್ಟು ಕದಲುವುದಿಲ್ಲ.

ಗಢವಾಲದ ಐದು ಶಿವಕ್ಷೇತ್ರಗಳಾದ ಪಂಚಕೇದಾರಗಳಲ್ಲಿ ಒಂದಾದ ಮಧ್ಯಮಹೇಶ್ವರನ ಚಳಿಗಾಲದ ಪೀಠವೂ ಇದೇ ದೇವಸ್ಥಾನ. ನವೆಂಬರಿನಲ್ಲಿ ಆ ಡೋಲಿ ಬೆಟ್ಟದಿಂದ ಇಳಿದು ಬರುವಾಗ ಊರಿನಲ್ಲಿ ಜಾತ್ರೆ ನೆರೆಯುತ್ತದೆ. ನನ್ನನ್ನು ಕೇಳಿದರೆ ಕೇದಾರದ ಡೋಲಿಗಿಂತ ಈ ಜಾತ್ರೆಯನ್ನೇ ನೋಡಬೇಕು ಎನ್ನುತ್ತೇನೆ. ಕೇದಾರದ ಡೋಲಿಗೆ ಸೇನೆಯ ಬ್ಯಾಂಡು, ದೂರದರ್ಶನದ ಕ್ಯಾಮರಾಗಳು, ದೆಹಲಿಯಿಂದ ಬಂದ ಗಣ್ಯರು ಇರುತ್ತಾರೆ. ಮಧ್ಯಮಹೇಶ್ವರನ ಜಾತ್ರೆಯಲ್ಲಿ ಢೋಲು ಮತ್ತು ದಮಾವುಗಳ ಸದ್ದು, ಮದುವೆಯಾಗಿ ಬೇರೆ ಕಣಿವೆಗೆ ಹೋಗಿ ಆ ದಿನಕ್ಕೆಂದು ತವರಿಗೆ ಬಂದ ಹೆಣ್ಣುಮಕ್ಕಳು, ಕಂಬಳಿ, ಬಳೆ, ಜಿಲೇಬಿಯ ಅಂಗಡಿಗಳು ಇರುತ್ತವೆ. ಹೊರಗಿನವರಿಗಾಗಿ ಅಲ್ಲಿ ಏನನ್ನೂ ಸಜ್ಜುಗೊಳಿಸಿರುವುದಿಲ್ಲ.

ಹುಬ್ಬಳ್ಳಿಯ ಓದುಗ:

ವಿವರವಾಗಿ ಬರೆದಿದ್ದೀರಿ, ಧನ್ಯವಾದಗಳು. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದಲೂ ಕೇದಾರದ ಪೂಜಾರಿಗಳು ನಮ್ಮ ಕಡೆಯವರೇ ಎಂಬ ಮಾತು ಕೇಳಿಬರುತ್ತಿದೆ. ಇದರಲ್ಲಿ ಎಷ್ಟು ನಿಜ, ಎಷ್ಟು ಅಭಿಮಾನದ ಮಾತು ಎಂಬುದನ್ನು ತಾವು ತಿಳಿಸಬಹುದೇ?

ಮಂದಾಕಿನಿ ತೀರ:

ಮೂಲ ಸಂಗತಿ ನಿಜ ಸರ್. ಪಂಚಾಚಾರ್ಯ ಪರಂಪರೆಯ ಐದು ಪೀಠಗಳಲ್ಲಿ ಬಾಳೆಹೊನ್ನೂರಿನ ರಂಭಾಪುರಿ, ಉಜ್ಜಯಿನಿ, ಶ್ರೀಶೈಲ ಮತ್ತು ಕಾಶಿಗಳ ಜೊತೆಗೆ ಬರುವ ಕೇದಾರದ ವೈರಾಗ್ಯ ಪೀಠದ ನೆಲೆ ಇರುವುದು ಊಖೀಮಠದಲ್ಲಿ. ಅದರ ಮುಖ್ಯಸ್ಥರನ್ನು ಅಲ್ಲಿನ ಜನ ರಾವಲ್ ಎಂದು ಕರೆಯುತ್ತಾರೆ. ರಾವಲ್ ಸ್ವತಃ ಗರ್ಭಗುಡಿಯ ನಿತ್ಯಪೂಜೆ ಮಾಡುವುದಿಲ್ಲ. ದಕ್ಷಿಣದಿಂದ, ಹೆಚ್ಚಾಗಿ ಕರ್ನಾಟಕದಿಂದ ಬಂದ ವೀರಶೈವ ಜಂಗಮ ಪೂಜಾರಿಗಳಲ್ಲಿ ಯಾರು ಆ ವರ್ಷ ಕೇದಾರಕ್ಕೆ, ಯಾರು ಮಧ್ಯಮಹೇಶ್ವರಕ್ಕೆ, ಯಾರು ಗುಪ್ತಕಾಶಿಗೆ ಹೋಗಬೇಕು ಎಂಬುದನ್ನು ಅವರು ನಿರ್ಧರಿಸುತ್ತಾರೆ. ಬದರಿಯಲ್ಲಿ ಕೇರಳದ ನಂಬೂದಿರಿಗಳು ರಾವಲ್ ಆಗಿರುವಂತೆ ಇಲ್ಲಿ ಈ ಪದ್ಧತಿ.

ಆದರೆ ಒಂದು ಮಾತನ್ನು ಸೇರಿಸಬೇಕು. ಪೂಜಾರಿಗಳು ಕನ್ನಡಿಗರು ಎಂದ ಮಾತ್ರಕ್ಕೆ ಕ್ಷೇತ್ರವೇ ನಮ್ಮದು ಎಂಬ ಧಾಟಿ ನಮ್ಮ ಕೆಲವು ಬರಹಗಳಲ್ಲಿ ಕಾಣುತ್ತದೆ, ಅದು ಸರಿಯಲ್ಲ. ಯಾತ್ರಿಕರಿಗೆ ಸಂಕಲ್ಪ ಮಾಡಿಸುವವರು, ನಮ್ಮ ಮುತ್ತಜ್ಜಂದಿರ ಹೆಸರುಗಳನ್ನು ಬಹೀ ಪುಸ್ತಕದಲ್ಲಿ ಬರೆದಿಟ್ಟುಕೊಂಡವರು ಇದೇ ಕಣಿವೆಯ ಹಳ್ಳಿಗಳ ತೀರ್ಥಪುರೋಹಿತರು. ಡೋಲಿಗೆ ಹೆಗಲು ಕೊಡುವವರು, ಢೋಲು ಬಾರಿಸುವವರು ಎಲ್ಲರೂ ಸುತ್ತಲಿನ ಹಳ್ಳಿಗಳಿಂದ ಬರುತ್ತಾರೆ, ಪ್ರತಿಯೊಬ್ಬರಿಗೂ ತಲೆಮಾರುಗಳಿಂದ ಬಂದ ಹಕ್ಕು ಮತ್ತು ಹೊಣೆ ಇವೆ. ಇವೆಲ್ಲದರ ಮೇಲೆ 1939ರ ಕಾಯಿದೆಯ ಅಡಿಯಲ್ಲಿ ರಚನೆಯಾದ ಬದರಿ-ಕೇದಾರ ದೇವಸ್ಥಾನ ಸಮಿತಿಯ ಆಡಳಿತವಿದೆ. ಸಾವಿರಾರು ಮೈಲಿ ದೂರದಿಂದ ಬಂದ ಪೂಜಾರಿ ಚಳಿಗಾಲವಿಡೀ ಇಲ್ಲಿಯೇ ಇದ್ದು ಗಢವಾಲಿಯಲ್ಲಿ ಪೇಟೆಯವರೊಡನೆ ಹರಟುವುದನ್ನು ಕೇಳಿದಾಗ, ಯಾರು ಯಾರಿಗೆ ಸೇರಿದವರು ಎಂಬ ಪ್ರಶ್ನೆಗೆ ಅಷ್ಟೇನೂ ಅರ್ಥವಿಲ್ಲ ಎನಿಸುತ್ತದೆ.

ಶಿಲಾಸ್ತರ:

ನಾನು ಭೂವಿಜ್ಞಾನ ಕಲಿಸಿ ನಿವೃತ್ತನಾದವನು. ದೇವರ ವಿಷಯ ಬಲ್ಲವರು ಬರೆಯಲಿ. ಆ ಊರು ಕುಳಿತಿರುವ ನೆಲದ ಬಗ್ಗೆ ನಾನು ಬರೆಯಬೇಕೆಂದಿದ್ದೇನೆ, ಏಕೆಂದರೆ ಅಲ್ಲಿನ ಬದುಕಿನ ಬಹುಪಾಲು ಕಷ್ಟಗಳು ಅಲ್ಲಿಂದಲೇ ಹುಟ್ಟುತ್ತವೆ.

ಹಿಮಾಲಯದ ಉದ್ದಕ್ಕೂ ಹಾಯ್ದಿರುವ ಮುಖ್ಯ ಕೇಂದ್ರೀಯ ಭ್ರಂಶದ, ಅಂದರೆ ಭೂಪದರದ ದೊಡ್ಡ ಬಿರುಕಿನ, ವಲಯ ಕುಂಡ್-ಊಖೀಮಠಗಳ ಆಸುಪಾಸಿನಲ್ಲಿಯೇ ಮಂದಾಕಿನಿಯನ್ನು ಅಡ್ಡಹಾಯುತ್ತದೆ. ಉತ್ತರದ ಗಟ್ಟಿ ಶಿಲೆಗಳು ದಕ್ಷಿಣದ ಶಿಲೆಗಳ ಮೇಲೆ ಏರಿ ಕುಳಿತಿರುವ ಈ ಪಟ್ಟಿಯಲ್ಲಿ ಬಂಡೆ ಮೇಲ್ನೋಟಕ್ಕೆ ಬಂಡೆಯಾಗಿ ಕಂಡರೂ ಒಳಗೆ ಅರೆದು ಸೀಳಿಹೋಗಿರುತ್ತದೆ. ಭ್ರಂಶವನ್ನು ದಾಟಿದ ಕೂಡಲೇ ಕಣಿವೆ ಕಡಿದಾಗುವುದನ್ನು, ನದಿ ಭೋರ್ಗರೆಯುವುದನ್ನು ಸಾಮಾನ್ಯ ಪ್ರಯಾಣಿಕರೂ ಗಮನಿಸಬಹುದು. 2002ರ ಭೂಕಂಪ ನಕ್ಷೆಯಲ್ಲಿ ಈ ಜಿಲ್ಲೆಯನ್ನು ಅತಿ ಹೆಚ್ಚು ಅಪಾಯದ ಐದನೆಯ ವಲಯದಲ್ಲಿ ಗುರುತಿಸಲಾಗಿತ್ತು. ಅದಕ್ಕೆ ಮೂರು ವರ್ಷ ಮೊದಲು, 1999ರ ಮಾರ್ಚ್ 29ರ ನಡುರಾತ್ರಿ, ಚಮೋಲಿ ಭೂಕಂಪವು ನೂರರಷ್ಟು ಜನರನ್ನು ಬಲಿ ತೆಗೆದುಕೊಂಡಿತ್ತು.

ಇದರ ಜೊತೆಗೆ ಮಳೆ. ದಕ್ಷಿಣದಿಂದ ಕಣಿವೆಯನ್ನು ಹಿಡಿದು ಮೇಲೇರುವ ಮುಂಗಾರಿನ ಮೋಡಕ್ಕೆ ಎದುರಾಗುವ ಮೊದಲ ದೊಡ್ಡ ಗೋಡೆ ಕೇದಾರ ಮತ್ತು ಚೌಖಂಬಾ ಶಿಖರಗಳ ಸಾಲು. ಚೌಖಂಬಾದ ಎತ್ತರ 7,138 ಮೀಟರ್. 1,300 ಮೀಟರಿನಿಂದ ಏಳು ಸಾವಿರದವರೆಗಿನ ಈ ಏರಿಕೆ ನೇರ ಅಂತರದಲ್ಲಿ ನೋಡಿದರೆ ಬಹಳ ಸಣ್ಣ ಜಾಗದಲ್ಲಿ ನಡೆದುಬಿಡುತ್ತದೆ. ಮೋಡಕ್ಕೆ ಹಿಂದೆ ಸರಿಯಲು ಜಾಗವಿಲ್ಲದೆ ಅಲ್ಲಿಯೇ ಸುರಿಯುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಡಿದಾದ ಬೆಟ್ಟದಲ್ಲಿ ಮನೆ ಕಟ್ಟಲು, ಮೆಟ್ಟಿಲು ಹೊಲ ಮಾಡಲು ಜನರಿಗೆ ಬೇಕಾದದ್ದು ಸ್ವಲ್ಪ ಓರೆ ಕಡಿಮೆಯಿರುವ, ಮಣ್ಣು ದಪ್ಪವಾಗಿರುವ, ಒರತೆ ಇರುವ ಜಾಗ. ಇಂಥ ಜಾಗಗಳಲ್ಲಿ ಬಹಳಷ್ಟು ಹಿಂದೆಂದೋ ಕುಸಿದ ಗುಡ್ಡದ ರಾಶಿಗಳೇ ಆಗಿವೆ. ಅಂದರೆ ಅನ್ನ ಕೊಡುವ ನೆಲವೂ ಜಾರುವ ನೆಲವೂ ಒಂದೇ. 1998ರ ಆಗಸ್ಟಿನಲ್ಲಿ ಮಧ್ಯಮಹೇಶ್ವರ ಕಣಿವೆಯ ಭೂಕುಸಿತಗಳಲ್ಲಿ ನೂರರಷ್ಟು ಜನ ತೀರಿಕೊಂಡರು. ಭೇಂಟಿ-ಪೌಂಡಾರ್ ಬಳಿ ಗುಡ್ಡ ಬಿದ್ದು ನದಿಯೇ ಕೆಲಕಾಲ ಕಟ್ಟಿಹೋಗಿತ್ತು. 2012ರ ಸೆಪ್ಟೆಂಬರ್ 13ರ ರಾತ್ರಿ ಊಖೀಮಠದ ಮೇಲೆಯೇ ಮಳೆ ಸುರಿದು ಚುನ್ನಿ, ಮಂಗೋಲಿ, ಬ್ರಾಹ್ಮಣಖೋಲಿ ಮೊದಲಾದ ಕೇರಿಗಳಲ್ಲಿ ಐವತ್ತಕ್ಕೂ ಹೆಚ್ಚು ಜನ ಮಲಗಿದ್ದಲ್ಲಿಯೇ ಮಣ್ಣಿನಡಿ ಸಿಲುಕಿದರು. ಒಂಬತ್ತೇ ತಿಂಗಳ ಬಳಿಕ 2013ರ ಜೂನ್ 16 ಮತ್ತು 17ರ ಕೇದಾರದ ಪ್ರವಾಹ ಬಂದಿತು. ಅದರ ಭೀಕರತೆಯ ಮುಂದೆ ಊಖೀಮಠದ ದುರಂತವನ್ನು ಹೊರಜಗತ್ತು ಮರೆತೇಬಿಟ್ಟಿತು ಎಂಬುದು ನನ್ನ ಕೊರಗು.

ಮಂದಾಕಿನಿ ತೀರ:

ಶಿಲಾಸ್ತರ ಅವರೇ, ತಾವು ಹೇಳಿದ ಕೊನೆಯ ಮಾತನ್ನು ಊರಿನವರೂ ಹೇಳುತ್ತಾರೆ. ಅಲ್ಲಿ ಗುಡ್ಡದ ಮಡಿಕೆಯಲ್ಲಿ ಹರಿಯುವ ಸಣ್ಣ ಹಳ್ಳಕ್ಕೆ ಗಧೇರಾ ಎನ್ನುತ್ತಾರೆ. ಬೇಸಿಗೆಯಲ್ಲಿ ಒಂದೇ ಹೆಜ್ಜೆಗೆ ದಾಟಬಹುದಾದ ಗಧೇರಾಗಳ ಪಕ್ಕದಲ್ಲಿ ಮನೆ ಕಟ್ಟಬಾರದೆಂದು ಹಿರಿಯರು ಹೇಳುತ್ತಿದ್ದರಂತೆ. ರಸ್ತೆ ಬಂದ ಮೇಲೆ ರಸ್ತೆಯ ಬದಿಯ ಜಾಗಕ್ಕೆ ಬೆಲೆ ಬಂದು ಆ ಎಚ್ಚರಿಕೆ ಹಿಂದೆ ಬಿದ್ದಿತು.

2013ರಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಕೇದಾರದಲ್ಲಿ ಪೂಜೆ ನಿಂತಾಗ, ಯಾತ್ರೆಯ ಕಾಲವಾಗಿದ್ದರೂ, ಕೇದಾರನಾಥನ ಪೂಜೆ ಊಖೀಮಠದಲ್ಲಿ ನಡೆಯಿತು. ಮೇಲೆ ಮತ್ತೆ ಆರಂಭವಾದದ್ದು ಸೆಪ್ಟೆಂಬರ್ 11ರಂದು. ಪ್ರವಾಹದಲ್ಲಿ ತೀರಿಕೊಂಡ ಸ್ಥಳೀಯರಲ್ಲಿ ತೀರ್ಥಪುರೋಹಿತರು, ಹೇಸರಗತ್ತೆ ನಡೆಸುವವರು, ಬೇಸಿಗೆ ರಜೆಯಲ್ಲಿ ಅಂಗಡಿಗೆ ಸಹಾಯಕ್ಕೆಂದು ಹೋದ ಶಾಲಾ ಹುಡುಗರು ಇದ್ದರು. ಕೆಲವು ಹಳ್ಳಿಗಳಲ್ಲಿ ಒಂದು ತಲೆಮಾರಿನ ಗಂಡಸರೇ ಇಲ್ಲವಾದರು. ಯಾತ್ರೆಯ ಆರು ತಿಂಗಳ ದುಡಿಮೆಯಿಂದ ವರ್ಷವಿಡೀ ಬದುಕುವ ಊರುಗಳಿಗೆ ಇದು ಎಂಥ ಪೆಟ್ಟು ಎಂಬುದನ್ನು ವಿವರಿಸಬೇಕಾಗಿಲ್ಲ.

ಕಳಸದ ಕೃಷಿಕ:

ಯಾತ್ರೆಯಿಲ್ಲದ ಆರು ತಿಂಗಳು ಜನ ಏನು ಮಾಡುತ್ತಾರೆ, ಏನು ಬೆಳೆಯುತ್ತಾರೆ, ಏನು ಉಣ್ಣುತ್ತಾರೆ ಎಂಬುದನ್ನು ದಯವಿಟ್ಟು ಬರೆಯಿರಿ. 1,300 ಮೀಟರ್ ಎಂದರೆ ಮಡಿಕೇರಿಗಿಂತ ತುಸು ಎತ್ತರ ಅಷ್ಟೇ. ಅಲ್ಲಿ ಕಾಫಿ ಏಕೆ ಇಲ್ಲ ಎಂದು ನಮ್ಮಂಥವರಿಗೆ ಅನ್ನಿಸುವುದು ಸಹಜ.

ಮಂದಾಕಿನಿ ತೀರ:

ಕಾಫಿಯ ಪ್ರಶ್ನೆಗೆ ಉತ್ತರ ಅಕ್ಷಾಂಶದಲ್ಲಿದೆ. ಊಖೀಮಠ 30 ಡಿಗ್ರಿಗಿಂತ ಉತ್ತರದಲ್ಲಿದೆ. ಬೇಸಿಗೆಯ ಮಧ್ಯಾಹ್ನ ನಮ್ಮ ಮಲೆನಾಡಿನಂತೆಯೇ ಇದ್ದರೂ ಡಿಸೆಂಬರ್, ಜನವರಿಗಳಲ್ಲಿ ಪಶ್ಚಿಮದಿಂದ ಬರುವ ಮಾರುತಗಳು ಮಳೆಯನ್ನೂ ಮೇಲಿನ ಗುಡ್ಡಗಳಿಗೆ ಹಿಮವನ್ನೂ ತರುತ್ತವೆ. ಪೇಟೆಯಲ್ಲಿ ಹಿಮ ಬೀಳುವುದು ಅಪರೂಪ, ಆದರೆ ಹೊಲದ ಮೇಲೆ ಇಬ್ಬನಿ ಹೆಪ್ಪುಗಟ್ಟುತ್ತದೆ. ಕಾಫಿ ಗಿಡ ಅದನ್ನು ತಾಳುವುದಿಲ್ಲ.

ಬೆಳೆಯುವುದು ನಮಗೆ ಗೊತ್ತಿರುವ ಧಾನ್ಯಗಳನ್ನೇ. ಮಂಡುವಾ ಎಂದರೆ ನಮ್ಮ ರಾಗಿ. ಗಹತ್ ಎಂದರೆ ಹುರುಳಿ. ಝಂಗೋರಾ ಎಂದರೆ ಊದಲು. ಇವುಗಳ ಜೊತೆಗೆ ರಾಮದಾನಾ ಅಥವಾ ರಾಜಗಿರಾ, ರಾಜ್ಮಾ, ಭಟ್ ಎನ್ನುವ ಕಪ್ಪು ಸೋಯಾ ಕಾಳು. ಗಢವಾಲದ ಬಾರಹನಾಜಾ ಪದ್ಧತಿಯಲ್ಲಿ ಇವೆಲ್ಲವನ್ನೂ ಒಂದೇ ಹೊಲದಲ್ಲಿ ಬೆರೆಸಿ ಬಿತ್ತುತ್ತಾರೆ. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳುಗಳ ಅಕ್ಕಡಿ ಸಾಲು ಹಾಕುವ ನಮ್ಮ ಬಯಲುಸೀಮೆಯ ರೈತನಿಗೆ ಇದರ ತರ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಉಳಿಸುತ್ತದೆ, ಕಾಳಿನ ಗಿಡಗಳು ಮಣ್ಣಿಗೆ ಸಾರ ಕೊಡುತ್ತವೆ.

ಅಕ್ಟೋಬರಿನಲ್ಲಿ ಹೋದರೆ ಮೆಟ್ಟಿಲು ಹೊಲಗಳಲ್ಲಿ ರಾಮದಾನಾದ ತೆನೆಗಳು ಕಡುಗೆಂಪಾಗಿ ಬಾಗಿರುತ್ತವೆ. ಕಲ್ಲುಹಾಸಿನ ಅಂಗಳಗಳಲ್ಲಿ ರಾಗಿಯ ತೆನೆಗಳನ್ನು ಹರಡಿ ಹೆಂಗಸರು ಕೋಲಿನಿಂದ ಬಡಿಯುತ್ತಿರುತ್ತಾರೆ. ಮುದ್ದೆ ಮಾಡುವ ರೂಢಿ ಇಲ್ಲ. ರಾಗಿ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ, ಲಟ್ಟಣಿಗೆ ಇಲ್ಲದೆ ಎರಡು ಅಂಗೈಗಳ ನಡುವೆ ತಟ್ಟುತ್ತಾ ತಿರುಗಿಸುತ್ತಾರೆ, ಹಂಚಿನ ಮೇಲೆ ಅರೆ ಬೇಯಿಸಿ ಕೆಂಡದ ಪಕ್ಕ ನಿಲ್ಲಿಸುತ್ತಾರೆ. ಅಂಚು ಸೀಳಿ ಹೊಗೆಯ ವಾಸನೆ ಹಿಡಿದ ಆ ರೊಟ್ಟಿಗೆ ತುಪ್ಪ, ಜೊತೆಗೆ ಫಾಣು. ನೆನೆಸಿದ ಹುರುಳಿಯನ್ನು ತರಿತರಿಯಾಗಿ ರುಬ್ಬಿ ಕಬ್ಬಿಣದ ಬಾಣಲೆಯಲ್ಲಿ ಬಹಳ ಹೊತ್ತು ಕುದಿಸಿದ ಗಟ್ಟಿ ಸಾರಿಗೆ ಫಾಣು ಎನ್ನುತ್ತಾರೆ. ಒಗ್ಗರಣೆಗೆ ಸಾಸಿವೆಯ ಬದಲು ಜಖಿಯಾ ಎಂಬ ಕಾಡುಗಿಡದ ಬೀಜ ಬೀಳುತ್ತದೆ, ಅದು ಹಲ್ಲಿನಡಿ ಗರಿಗರಿ ಎನ್ನುತ್ತದೆ. ಹಂಚಿನ ಮುಂದೆ ಕುಳಿತಿದ್ದ ಅಮ್ಮನವರಿಗೆ ನಮ್ಮೂರಿನಲ್ಲಿಯೂ ರಾಗಿ ತಿನ್ನುತ್ತೇವೆ ಎಂದಾಗ ಅವರು ನಂಬಲಿಲ್ಲ. ದಕ್ಷಿಣದವರು ಇಡ್ಲಿಯನ್ನು ಬಿಟ್ಟು ಬೇರೇನನ್ನೂ ತಿನ್ನುವುದಿಲ್ಲ ಎಂಬುದು ಅವರ ದೃಢವಾದ ತಿಳುವಳಿಕೆಯಾಗಿತ್ತು.

ಹೊಲದ ಕೆಲಸ, ಹಸುವಿನ ಕೆಲಸ, ಹುಲ್ಲು, ಸೌದೆ ಎಲ್ಲವೂ ಹೆಂಗಸರದು. ಗಂಡಸರು ಸೇನೆಯಲ್ಲಿ, ಬಯಲಿನ ಪಟ್ಟಣಗಳ ಹೋಟೆಲುಗಳಲ್ಲಿ ಅಥವಾ ಯಾತ್ರೆಯ ದಾರಿಯಲ್ಲಿ ಇರುತ್ತಾರೆ. ಹುಲ್ಲಿಗಾಗಿ ಹೋದ ಹೆಂಗಸು ಬೆಟ್ಟದ ಅಂಚಿನಲ್ಲಿ ಜಾರಿ ಬಿದ್ದ ಸುದ್ದಿ ಆ ಕಡೆಯ ಪತ್ರಿಕೆಗಳಲ್ಲಿ ಎಷ್ಟು ಸಾಮಾನ್ಯವೆಂದರೆ ಅದಕ್ಕೆ ಒಳಪುಟದಲ್ಲಿ ನಾಲ್ಕು ಸಾಲು ಸಿಗುತ್ತದೆ ಅಷ್ಟೇ.

ಕಳಸದ ಕೃಷಿಕ:

ಮಂಗ ಮತ್ತು ಕಾಡುಹಂದಿಯ ಕಾಟ ಅಲ್ಲಿಯೂ ಇದೆಯೇ?

ಮಂದಾಕಿನಿ ತೀರ:

ಇದೆ. ತಮ್ಮಲ್ಲಿ ಇರುವಂತೆಯೇ ಇದೆ. ಊರು ಬಿಟ್ಟವರ ಹೊಲ ಪಾಳು ಬೀಳುತ್ತದೆ, ಪಾಳು ಹೊಲದಲ್ಲಿ ಹಂದಿ ನೆಲೆಸುತ್ತದೆ, ಪಕ್ಕದ ಹೊಲದವನೂ ಬೇಸತ್ತು ಬಿತ್ತನೆ ನಿಲ್ಲಿಸುತ್ತಾನೆ.

ಶಿರಸಿಯ ಹಾದಿ:

ಕಾಡಿನ ವಿಷಯ ಬಂದದ್ದರಿಂದ ಒಂದು ಮಾತು. ಚಿಪ್ಕೋ ಚಳವಳಿ ಎಂದಾಕ್ಷಣ ಎಲ್ಲರೂ ರೈಣಿ ಗ್ರಾಮವನ್ನು ನೆನೆಯುತ್ತಾರೆ. ಆದರೆ ಅದಕ್ಕೂ ಮೊದಲೇ, 1973ರಲ್ಲಿ, ಕ್ರೀಡಾ ಸಾಮಗ್ರಿ ತಯಾರಿಸುವ ಕಂಪನಿಯೊಂದಕ್ಕೆ ಗೋಪೇಶ್ವರದ ಬಳಿಯ ಮಂಡಲ್ ಎಂಬ ಹಳ್ಳಿಯ ಕಾಡಿನಲ್ಲಿ ಮರ ಕಡಿಯಲು ಜನ ಬಿಡದಿದ್ದಾಗ, ಅದಕ್ಕೆ ಬದಲಿಯಾಗಿ ಕೊಟ್ಟದ್ದು ಇದೇ ಮಂದಾಕಿನಿ ಕಣಿವೆಯ ಫಾಟಾ-ರಾಮಪುರದ ಕಾಡನ್ನು. ಅಲ್ಲಿಯೂ ಹಳ್ಳಿಗರು ಕಾವಲು ನಿಂತು ಕಂಪನಿಯನ್ನು ಹಿಮ್ಮೆಟ್ಟಿಸಿದರು. ಹತ್ತು ವರ್ಷಗಳ ನಂತರ, 1983ರ ಸೆಪ್ಟೆಂಬರಿನಲ್ಲಿ, ನಮ್ಮ ಶಿರಸಿ ಬಳಿಯ ಸಾಲ್ಕಣಿಯ ಜನ ಅಪ್ಪಿಕೋ ಎಂದು ಮರಗಳನ್ನು ತಬ್ಬಿದಾಗ ಅವರಿಗೆ ಪ್ರೇರಣೆಯಾದದ್ದು ಗಢವಾಲದ ಈ ಚಳವಳಿಯೇ. ಪೂಜಾರಿಗಳ ನಂಟನ್ನು ನೆನೆಯುವಷ್ಟೇ ಅಭಿಮಾನದಿಂದ ನಾವು ಈ ನಂಟನ್ನೂ ನೆನೆಯಬೇಕು.

ಹುಬ್ಬಳ್ಳಿಯ ಓದುಗ:

ಸೋನಪ್ರಯಾಗದಿಂದ ಕೇದಾರಕ್ಕೆ ರೋಪ್‌ವೇ ಬರಲಿದೆಯಲ್ಲ, ಅದು ಬಂದರೆ ಈ ಊರುಗಳಿಗೆ ಒಳ್ಳೆಯದಾಗುವುದಿಲ್ಲವೇ? ವಯಸ್ಸಾದವರಿಗಂತೂ ದೊಡ್ಡ ಅನುಕೂಲ.

ಶಿಲಾಸ್ತರ:

ವಯಸ್ಸಾದವರಿಗೆ ಅನುಕೂಲ ಎಂಬುದರಲ್ಲಿ ಎರಡು ಮಾತಿಲ್ಲ. 2025ರ ಮಾರ್ಚಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟ ಯೋಜನೆಯ ಪ್ರಕಾರ ಅದರ ಉದ್ದ 12.9 ಕಿಲೋಮೀಟರ್, ವೆಚ್ಚ 4,081 ಕೋಟಿ ರೂಪಾಯಿ. ಎಂಟೊಂಬತ್ತು ಗಂಟೆಗಳ ಏರುದಾರಿ 36 ನಿಮಿಷಕ್ಕೆ ಇಳಿಯುತ್ತದೆ. ಆದರೆ ಅಷ್ಟು ಬೇಗ 3,583 ಮೀಟರಿಗೆ ಏರಿದ ದೇಹಕ್ಕೆ ತೆಳುಗಾಳಿಗೆ ಹೊಂದಿಕೊಳ್ಳಲು ಕಾಲಾವಕಾಶ ಇರುವುದಿಲ್ಲ ಎಂಬುದನ್ನೂ ಯೋಚಿಸಬೇಕು. ಮೇಲೆ ಮಂದಾಕಿನಿ ಮತ್ತು ಸರಸ್ವತಿ ಹೊಳೆಗಳ ನಡುವೆ ಇರುವ ಜಾಗ ಹಿಮನದಿ ತಂದು ಹಾಕಿದ ಕಲ್ಲುಮಣ್ಣಿನ ರಾಶಿ. ಆ ಜಾಗ ಹಿಗ್ಗುವುದಿಲ್ಲ. ಏರಿಸುವ ಯಂತ್ರದ ಸಾಮರ್ಥ್ಯವನ್ನು ಹೆಚ್ಚಿಸಬಹುದು, ನೆಲದ ಸಾಮರ್ಥ್ಯವನ್ನು ಹೆಚ್ಚಿಸಲಾಗದು. 2024ರ ಜುಲೈ 31ರ ರಾತ್ರಿ ಲಿಂಚೋಲಿ, ಭೀಮಬಲಿಗಳ ಬಳಿ ಮೇಘಸ್ಫೋಟವಾಗಿ ಕಾಲುದಾರಿ ಕೊಚ್ಚಿಹೋದಾಗ ಸಾವಿರಾರು ಯಾತ್ರಿಕರನ್ನು ಕೆಳಗಿಳಿಸಲು ಪಟ್ಟ ಪಾಡು ಎಲ್ಲರ ಕಣ್ಣ ಮುಂದಿದೆ.

ಮಂದಾಕಿನಿ ತೀರ:

ಊರಿನವರಲ್ಲಿಯೇ ಈ ಬಗ್ಗೆ ಒಮ್ಮತವಿಲ್ಲ. ಹೇಸರಗತ್ತೆಗಳನ್ನು, ಯಾತ್ರಿಕರನ್ನು ಹೊರುವ ಡಂಡಿ (ಪಲ್ಲಕ್ಕಿ), ಕಂಡಿ (ಬೆನ್ನಬುಟ್ಟಿ)ಗಳನ್ನು ನಂಬಿದವರಿಗೆ ಭಯವಿದೆ. ಹೋಟೆಲು ಇಟ್ಟವರಲ್ಲಿ ಕೆಲವರು ಜನ ಹೆಚ್ಚು ಬರುತ್ತಾರೆ ಎನ್ನುತ್ತಾರೆ, ಇನ್ನು ಕೆಲವರು ಬೆಳಿಗ್ಗೆ ಬಂದು ಸಂಜೆಗೆ ಹೋಗಿಬಿಡುತ್ತಾರೆ ಎನ್ನುತ್ತಾರೆ. ಹೇಸರಗತ್ತೆಗಳನ್ನು ಆ ದಾರಿಯಲ್ಲಿ ದುಡಿಸುವ ರೀತಿಯನ್ನು ನೋಡಿದವನಾಗಿ, ಅವುಗಳ ಸಂಖ್ಯೆ ತಗ್ಗಿದರೆ ನನಗೆ ದುಃಖವಾಗುವುದಿಲ್ಲ. ಆದರೆ ಅವುಗಳ ಒಡೆಯರಿಗೆ ಬೇರೆ ದುಡಿಮೆ ತೋರಿಸದೆ ಕೈಬಿಡುವುದು ನ್ಯಾಯವಲ್ಲ. ಊಖೀಮಠದ ಮಟ್ಟಿಗೆ ಹೇಳುವುದಾದರೆ, ರೋಪ್‌ವೇಗಿಂತ ಚಳಿಗಾಲದ ಯಾತ್ರೆಯಿಂದ ಅದಕ್ಕೆ ಹೆಚ್ಚು ಪ್ರಯೋಜನವಾಗಬಹುದು. 2024ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ಆ ಯಾತ್ರೆಗೆ ಚಾಲನೆ ಕೊಟ್ಟದ್ದು ಇದೇ ಓಂಕಾರೇಶ್ವರದ ಅಂಗಳದಿಂದ. ಖಾಲಿ ಬಿದ್ದ ಕೋಣೆಗಳಿಗೆ ಚಳಿಗಾಲದಲ್ಲಿ ಅತಿಥಿಗಳು ಬಂದರೆ ದುಡಿಮೆ ಹನ್ನೆರಡು ತಿಂಗಳಿಗೆ ಹರಡುತ್ತದೆ.

ಅಮ್ಮನೊಡನೆ ಯಾತ್ರೆ:

ಇಷ್ಟು ಹೊತ್ತು ಓದುತ್ತಿದ್ದೆ. ನಮ್ಮ ತಾಯಿಯವರಿಗೆ ಎಪ್ಪತ್ತು ದಾಟಿದೆ, ಮಂಡಿ ನೋವಿದೆ. ಕೇದಾರಕ್ಕೆ ಏರಿಸುವ ಧೈರ್ಯ ನನಗಿಲ್ಲ. ಚಳಿಗಾಲದಲ್ಲಿ ಊಖೀಮಠಕ್ಕೆ ಕರೆದೊಯ್ದರೆ ಆದೀತೇ? ದೇವಸ್ಥಾನಕ್ಕೆ ಬಹಳ ಮೆಟ್ಟಿಲುಗಳಿವೆಯೇ?

ಮಂದಾಕಿನಿ ತೀರ:

ಖಂಡಿತ ಆಗುತ್ತದೆ ಮೇಡಂ. ವಾಹನ ದೇವಸ್ಥಾನದ ಸಮೀಪದವರೆಗೆ ಹೋಗುತ್ತದೆ, ಅಲ್ಲಿಂದ ನಡೆಯಬೇಕಾದದ್ದು ಸ್ವಲ್ಪವೇ. ಕೇದಾರನಾಥ ಮತ್ತು ಮಧ್ಯಮಹೇಶ್ವರ ಇಬ್ಬರ ಪೂಜೆಯೂ ಒಂದೇ ಆವರಣದಲ್ಲಿ ಸಿಗುತ್ತದೆ, ನೂಕುನುಗ್ಗಲು ಇರುವುದಿಲ್ಲ. ನವೆಂಬರ್ ಕೊನೆ ಅಥವಾ ಫೆಬ್ರವರಿ ಕೊನೆಯನ್ನು ಆರಿಸಿಕೊಳ್ಳಿ. ನವೆಂಬರಿನಲ್ಲಿ ಆಕಾಶ ತಿಳಿಯಾಗಿದ್ದು ಶಿಖರಗಳು ಊರಿನಿಂದಲೇ ಕಾಣುತ್ತವೆ, ಫೆಬ್ರವರಿ ಕೊನೆಯಿಂದ ಬುರಾಂಶ್ ಎಂಬ ಕೆಂಪು ಕಾಡುಹೂವು ಅರಳಲಾರಂಭಿಸುತ್ತದೆ. ಋಷಿಕೇಶದಿಂದ ಒಂದೇ ದಿನದಲ್ಲಿ ಬರುವ ಹಟ ಬೇಡ. ಶ್ರೀನಗರ ಅಥವಾ ರುದ್ರಪ್ರಯಾಗದಲ್ಲಿ ಒಂದು ರಾತ್ರಿ ತಂಗಿದರೆ ತಿರುವುಗಳ ಆಯಾಸ ತಾಯಿಯವರಿಗೆ ತಟ್ಟುವುದಿಲ್ಲ. ಬೆಟ್ಟದ ರಸ್ತೆಯಲ್ಲಿ ಕತ್ತಲಾದ ಮೇಲೆ ಪ್ರಯಾಣ ಮಾಡಬೇಡಿ. ಕೋಣೆ ಹಿಡಿಯುವಾಗ ಬಿಸಿನೀರು ಮತ್ತು ನೆಲಮಹಡಿ ಇವೆರಡನ್ನು ಫೋನಿನಲ್ಲಿಯೇ ಕೇಳಿ ಖಚಿತಪಡಿಸಿಕೊಳ್ಳಿ, ಏಕೆಂದರೆ ಗುಡ್ಡದ ಊರಿನ ವಸತಿಗೃಹಗಳಲ್ಲಿ ರಸ್ತೆಯ ಮಟ್ಟದ ಕೋಣೆಯೆಂದು ಹೇಳಿ ಮೂರು ಮಹಡಿ ಕೆಳಗಿನ ಕೋಣೆ ಕೊಡುವುದುಂಟು. ಚೋಪತಾದವರೆಗೆ ಹೋಗುವ ಆಸೆಯಿದ್ದರೆ ಆ ದಿನ ಬೆಳಿಗ್ಗೆ ಟ್ಯಾಕ್ಸಿ ನಿಲ್ದಾಣದಲ್ಲಿ ವಿಚಾರಿಸಿ. ಹಿಮ ಹೆಚ್ಚು ಬಿದ್ದರೆ ಆ ರಸ್ತೆ ಮುಚ್ಚಿರುತ್ತದೆ, ಅದರ ಸುದ್ದಿ ಚಾಲಕರಿಗೆ ಎಲ್ಲರಿಗಿಂತ ಮೊದಲು ಗೊತ್ತಿರುತ್ತದೆ.